ದ್ವೀಪದಲ್ಲಿ ಬಾಸ್ ಯಾರು? ಸಿನಿಮಾ ಕೇಳುವ ಪ್ರಶ್ನೆ, ತೊರಪಳ್ಳಿ ರಸ್ತೆ ಕಲಿಸುವ ಪಾಠ

ತೊರಪಳ್ಳಿ (ನೀಲಗಿರಿ): ರಾತ್ರಿ 9 ಗಂಟೆಗೆ ಇಲ್ಲಿನ ಗೇಟ್ ಬಿದ್ದರೆ ಮತ್ತೆ ಏಳುವುದು ಬೆಳಿಗ್ಗೆ 6ಕ್ಕೆ. ಗೂಡಲೂರಿನಿಂದ ಮೈಸೂರು ಕಡೆಗೆ ಹೊರಟ ಲಾರಿ, ಪಿಕಪ್‌ಗಳು ತಡವಾದರೆ ಇಲ್ಲೇ ನಿಲ್ಲಬೇಕು. ಮುಂದೆ ಮುದುಮಲೈ ಕಾಡು, ಅದು ಮುಗಿದರೆ ಬಂಡೀಪುರ. ಕಾಡುಪ್ರಾಣಿಗಳು ರಾತ್ರಿ ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು 2009ರಲ್ಲಿ ಬಂಡೀಪುರ ಭಾಗದಲ್ಲಿ ಬಂದ ರಾತ್ರಿ ಸಂಚಾರ ನಿಷೇಧ ಇವತ್ತಿಗೂ ಜಾರಿಯಲ್ಲಿದೆ. ಆಂಬ್ಯುಲೆನ್ಸ್‌ನಂಥ ತುರ್ತು ವಾಹನ, ಅನುಮತಿ ಇರುವ ಬೆರಳೆಣಿಕೆಯ ಬಸ್ ಬಿಟ್ಟರೆ ಬೇರೆಯವರಿಗೆ ದಾರಿ ಇಲ್ಲ.

ಗೇಟಿನ ಹೊರಗೆ ಬಾಕಿಯಾದವನಿಗೆ ನಿದ್ದೆಗೆಟ್ಟದ್ದು ಮಾತ್ರ ನಷ್ಟ. ಆದರೆ ಸಂಜೆ ಗೇಟ್ ದಾಟಿ ಒಳಗೆ ಹೋದ ಗಾಡಿ ಕಾಡಿನ ಮಧ್ಯೆ ಕೈಕೊಟ್ಟರೆ? ಫೋನಿಗೆ ಸಿಗ್ನಲ್ ಇಲ್ಲ, ಎರಡೂ ಕಡೆ ಆನೆ ಓಡಾಡುವ ಜಾಗ. ಕ್ಯಾಬಿನ್‌ನಲ್ಲಿ ಡ್ರೈವರ್, ಕ್ಲೀನರ್, ಕೆಲವೊಮ್ಮೆ ಸರಕಿನ ಮಾಲಕ. ಸುತ್ತ ನೀರಿಲ್ಲ ಅನ್ನುವುದು ಬಿಟ್ಟರೆ ಅದೂ ಒಂದು ದ್ವೀಪವೇ. ಅಲ್ಲಿ ಯಾರ ಮಾತು ನಡೆಯಬೇಕು? ಸಂಬಳ ಕೊಡುವವನದ್ದೋ, ದಾರಿ ಗೊತ್ತಿರುವವನದ್ದೋ?

ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಬಂದ ಹಾಲಿವುಡ್ ಸಿನಿಮಾ 'ಸೆಂಡ್ ಹೆಲ್ಪ್'.

ಸಿನಿಮಾದಲ್ಲಿ ಏನಿದೆ?

ಸ್ಯಾಮ್ ರೈಮಿ ನಿರ್ದೇಶನದ ಈ ಸಿನಿಮಾ 2026ರ ಜನವರಿ ಕೊನೆಯಲ್ಲಿ ತೆರೆಗೆ ಬಂತು. ರೇಚೆಲ್ ಮೆಕ್‌ಆಡಮ್ಸ್ ಮಾಡಿದ್ದು ಕಚೇರಿಯಲ್ಲಿ ಎಲ್ಲ ಕೆಲಸ ಮಾಡಿಯೂ ಬಡ್ತಿ ಸಿಗದ ನೌಕರಳ ಪಾತ್ರ. ಡಿಲನ್ ಒಬ್ರಿಯನ್ ಅಪ್ಪನ ಕುರ್ಚಿಯಲ್ಲಿ ಬಂದು ಕೂತ ಯುವ ಬಾಸ್. ಕೆಲಸದ ಮೇಲೆ ಹೊರಟ ವಿಮಾನ ಬಿದ್ದು ಇಬ್ಬರೂ ನಿರ್ಜನ ದ್ವೀಪ ಸೇರುತ್ತಾರೆ. ಬಾಸ್‌ನ ಕಾಲಿಗೆ ಪೆಟ್ಟು. ಬೆಂಕಿ ಹೊತ್ತಿಸುವುದು, ನೀರು ಹಿಡಿಯುವುದು, ಗುಡಿಸಲು ಕಟ್ಟುವುದು ಎಲ್ಲ ಗೊತ್ತಿರುವುದು ನೌಕರಳಿಗೆ. ಕಚೇರಿಯ ಲೆಕ್ಕ ಅಲ್ಲಿಗೆ ತಲೆಕೆಳಗಾಗುತ್ತದೆ. ಆಮೇಲೆ ಏನಾಯಿತು ಎಂಬುದನ್ನು ನೋಡುವವರಿಗೇ ಬಿಡೋಣ. ಹಿಂಸೆ, ರಕ್ತ ಧಾರಾಳವಾಗಿರುವ ಚಿತ್ರ ಇದು, ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ.

ಬಾಸ್‌ಗೆ ಪಾಠ ಆಗುವುದನ್ನು ನೋಡಿ ಕೆಲಸದವರು ಚಪ್ಪಾಳೆ ಹೊಡೆಯುವುದು ಸಹಜ. ಆದರೆ ನಿಜವಾದ ದ್ವೀಪದಲ್ಲಿ ಗೆಲ್ಲುವುದು ಬೇರೆ, ಬದುಕುವುದು ಬೇರೆ.

ಮೊದಲು ಯಾವುದು?

ಇಂಥ ಸಿನಿಮಾಗಳಲ್ಲಿ ಬೇಟೆಯ ದೃಶ್ಯಕ್ಕೆ ತುಂಬ ಜಾಗ. ನಿಜದಲ್ಲಿ ಆಹಾರ ಕೊನೆಯ ಸಾಲಿನಲ್ಲಿ ಬರುತ್ತದೆ. ಬದುಕುಳಿಯುವ ತರಬೇತಿಯಲ್ಲಿ 'ಮೂರರ ಲೆಕ್ಕ' ಅಂತ ಹೇಳುವುದುಂಟು. ಗಾಳಿ ಇಲ್ಲದೆ ಸುಮಾರು 3 ನಿಮಿಷ, ವಿಪರೀತ ಚಳಿ ಅಥವಾ ಬಿಸಿಲಿನಲ್ಲಿ ಆಸರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟ ಇಲ್ಲದೆ 3 ವಾರ. ಹೆಚ್ಚುಕಮ್ಮಿ ಆಗಬಹುದು, ಆದರೆ ಕ್ರಮ ಇದೇ. ಆದ್ದರಿಂದ ಮೊದಲು ನೆರಳು, ಆಮೇಲೆ ನೀರು, ಜೊತೆಗೆ ಹುಡುಕುವವರ ಕಣ್ಣಿಗೆ ಬೀಳುವಂಥ ಗುರುತು. ಊಟದ ಚಿಂತೆ ಅದರ ನಂತರ.

ಸಮುದ್ರದ ನೀರು ಎಷ್ಟು ಬಾಯಾರಿದರೂ ಕುಡಿಯಬಾರದು. ಅದರ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ.

ಗುರುತಿನ ಬೆಲೆ ಎಷ್ಟು ಎಂಬುದಕ್ಕೆ 2024ರ ಘಟನೆ ಸಾಕು. ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾದಲ್ಲಿ ಮೂವರು ಸಣ್ಣ ದೋಣಿಯಲ್ಲಿ ಹೊರಟು ಪಿಕೆಲಾಟ್ ಎಂಬ ಜನವಸತಿ ಇಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದರು. ಅವರು ತೆಂಗಿನಕಾಯಿ ತಿಂದು, ಅಲ್ಲಿದ್ದ ಸಣ್ಣ ಬಾವಿಯ ನೀರು ಕುಡಿದು ದಿನ ದೂಡಿದರು. ಮರಳಿನ ಮೇಲೆ ತೆಂಗಿನ ಗರಿ ಜೋಡಿಸಿ ದೊಡ್ಡದಾಗಿ ಇಂಗ್ಲಿಷಿನಲ್ಲಿ 'ಹೆಲ್ಪ್' ಎಂದು ಬರೆದರು. ಹುಡುಕುತ್ತಿದ್ದ ವಿಮಾನಕ್ಕೆ ಕಂಡದ್ದು ಆ ಅಕ್ಷರಗಳೇ. ಏಪ್ರಿಲ್ 9ರಂದು ಹಡಗು ಬಂದು ಮೂವರನ್ನೂ ಕರೆದೊಯ್ದಿತು.

ಆರು ಹುಡುಗರ ಲೆಕ್ಕ

ಜನ ಸಿಕ್ಕಿಬಿದ್ದರೆ ಒಬ್ಬರನ್ನೊಬ್ಬರು ತಿನ್ನುತ್ತಾರೆ ಎಂಬುದು ಸಿನಿಮಾಗಳ ನಂಬಿಕೆ. 1965ರಲ್ಲಿ ಟೊಂಗಾ ದೇಶದ ಆರು ಹದಿಹರೆಯದ ಹುಡುಗರು ಹಾಸ್ಟೆಲ್ ಶಾಲೆಯಿಂದ ತಪ್ಪಿಸಿಕೊಂಡು ದೋಣಿ ಏರಿದರು. ಬಿರುಗಾಳಿಗೆ ಸಿಕ್ಕಿ 'ಆಟಾ' ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳ ನಂತರ, 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅವರನ್ನು ಕಂಡಾಗ ಆರೂ ಜನ ಬದುಕಿದ್ದರು.

ಹೇಗೆ? ಇಬ್ಬಿಬ್ಬರ ತಂಡ ಮಾಡಿ ತೋಟ, ಅಡುಗೆ, ಕಾವಲು ಅಂತ ಕೆಲಸ ಹಂಚಿಕೊಂಡರು. ಮರದ ಬೊಡ್ಡೆ ಕೊರೆದು ಮಳೆನೀರು ಹಿಡಿದರು. ಹೊತ್ತಿಸಿದ ಬೆಂಕಿ ಆರಲು ಬಿಡಲಿಲ್ಲ. ಜಗಳವಾದರೆ ಇಬ್ಬರೂ ದೂರ ದೂರ ಹೋಗಿ ಸಿಟ್ಟು ಇಳಿದ ಮೇಲೆ ವಾಪಸ್ ಬರಬೇಕು ಎಂಬ ನಿಯಮವಿತ್ತು. ಒಬ್ಬನ ಕಾಲು ಮುರಿದಾಗ ಕೋಲು ಕಟ್ಟಿ ಮಲಗಿಸಿ, ಅವನ ಪಾಲಿನ ಕೆಲಸವನ್ನೂ ಉಳಿದವರೇ ಮಾಡಿದರು. ಮುಂದೆ ವಾರ್ನರ್ ಇದೇ ಹುಡುಗರನ್ನು ತನ್ನ ದೋಣಿಯ ಕೆಲಸಕ್ಕೆ ಸೇರಿಸಿಕೊಂಡರು. ಇಂಥವರಿಗಿಂತ ಒಳ್ಳೆಯ ಕೆಲಸಗಾರರು ಎಲ್ಲಿ ಸಿಗುತ್ತಾರೆ?

ನಮ್ಮ ಕಡಲಿನಲ್ಲಿ

ಪೆಸಿಫಿಕ್ ದೂರದ ಮಾತು ಅನಿಸಿದರೆ ಕರಾವಳಿಯನ್ನೇ ನೋಡಬಹುದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ 'ಕೋರಮಂಡಲ್ ಸಪೋರ್ಟರ್-9' ಎಂಬ ಟಗ್ ಬೋಟ್ ಕಾಪು ಕಡಲಿನ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಒಳಗೆ 9 ಮಂದಿ ಕೆಲಸಗಾರರು. ತೀರದ ಜನ ನೋಡುತ್ತಿದ್ದರೂ ಆ ಅಲೆಯಲ್ಲಿ ದೋಣಿ ಇಳಿಸುವಂತಿರಲಿಲ್ಲ. ಮೇ 17ರಂದು ಕೋಸ್ಟ್ ಗಾರ್ಡ್ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಒಂಬತ್ತೂ ಜನರನ್ನು ಉಳಿಸಿದವು. ಅದೇ ಬಿರುಗಾಳಿಯಲ್ಲಿ ಪಡುಬಿದ್ರೆ ಕಡೆ ಮುಳುಗಿದ 'ಅಲಯನ್ಸ್' ಟಗ್‌ನ ಎಲ್ಲರಿಗೆ ಆ ಅದೃಷ್ಟ ಇರಲಿಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ 7 ಮೀನುಗಾರರೊಂದಿಗೆ ಕಾಣೆಯಾಯಿತು. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಪತ್ತೆಯಾಗುವಾಗ 2019ರ ಮೇ ಆಗಿತ್ತು. ಏಳು ಮನೆಯವರು ಅಷ್ಟೂ ತಿಂಗಳು ಬಾಗಿಲು ನೋಡುತ್ತಾ ಕಳೆದರು.

ಮೊಬೈಲ್ ಸಿಗ್ನಲ್ ಇಲ್ಲದ ಕಡಲಿನಿಂದಲೂ ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಸಣ್ಣ ಯಂತ್ರವನ್ನು ಇಸ್ರೋ ಮೀನುಗಾರರಿಗಾಗಿ ಮಾಡಿದೆ. ಹೊಸ ಮಾದರಿಯಲ್ಲಿ 'ನಿಮ್ಮ ಸಂದೇಶ ತಲುಪಿದೆ' ಎಂಬ ಉತ್ತರವೂ ದೋಣಿಗೆ ಬರುತ್ತದೆ. ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554. ಬಲೆಗೆ, ಎಂಜಿನ್‌ಗೆ ಲಕ್ಷಗಟ್ಟಲೆ ಹಾಕುವ ಮಾಲಕ ಈ ಯಂತ್ರ, ಲೈಫ್ ಜಾಕೆಟ್‌ಗಳನ್ನು 'ದಂಡದ ಖರ್ಚು' ಎಂದು ಬರೆದರೆ ಲೆಕ್ಕ ತಪ್ಪಿದಂತೆ. ಅದೂ ಬಂಡವಾಳವೇ.

ಮತ್ತೆ ತೊರಪಳ್ಳಿ

ಕಾಡಿನ ರಸ್ತೆಗೂ ಇದೇ ಪಾಠ. ಗೇಟ್ ಮುಚ್ಚುವ ಹೊತ್ತು ನೋಡಿಕೊಂಡು, ಸಾಕಷ್ಟು ಮುಂಚೆ ಹೊರಡಬೇಕು. ಯಾವ ಗಾಡಿ, ಎಷ್ಟು ಹೊತ್ತಿಗೆ ಕಾಡು ಹೊಕ್ಕಿತು, ಯಾವಾಗ ದಾಟಬೇಕು ಎಂಬುದು ಊರಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಕ್ಯಾಬಿನ್‌ನಲ್ಲಿ ನೀರು, ಟಾರ್ಚ್, ಸ್ವಲ್ಪ ತಿನ್ನಲು ಇರಲಿ. ಗಾಡಿ ಕೆಟ್ಟರೆ ಇಳಿದು ನಡೆಯಬಾರದು. ಎಚ್ಚರಿಕೆ ದೀಪ ಹಾಕಿ ಒಳಗೇ ಕೂತು, ದಾಟಿ ಹೋಗುವ ವಾಹನದವರ ಬಳಿ ಚೆಕ್‌ಪೋಸ್ಟ್‌ಗೆ ಸುದ್ದಿ ಹೇಳಿ ಕಳಿಸಬೇಕು. ಆನೆ ಕಂಡರೆ ಹಾರ್ನ್ ಬೇಡ, ಫೋಟೋ ಬೇಡ.

ಇದೆಲ್ಲ ಈ ದಾರಿಯಲ್ಲಿ ಹತ್ತಾರು ವರ್ಷ ಓಡಿದ ಡ್ರೈವರ್‌ಗೆ ಬಾಯಿಪಾಠ. ಪಕ್ಕದಲ್ಲಿ ಕೂತ ಮಾಲಕನಿಗೆ ಗೊತ್ತಿರುವುದಿಲ್ಲ. 'ಲೇಟಾಯ್ತು, ಹೇಗಾದ್ರೂ ಹೊಡಿ' ಅಂತ ಅವಸರ ಮಾಡುವವನು ಅವನೇ. 'ಬೇಡ ಸಾಹುಕಾರ್ರೇ, ಇವತ್ತು ಇಲ್ಲೇ ನಿಲ್ಲುವ' ಎಂದು ಡ್ರೈವರ್ ಹೇಳಿದರೆ, ಅದನ್ನು ಎದುರುತ್ತರ ಎಂದುಕೊಳ್ಳದೆ ಕೇಳುವ ಮಾಲಕನಿಗೆ ಒಂದು ರಾತ್ರಿ ನಷ್ಟವಾಗಬಹುದು. ಗಾಡಿ, ಜನ ಎರಡೂ ಉಳಿಯುತ್ತವೆ.

ಸಿನಿಮಾದ ಬಾಸ್‌ಗೆ ತನ್ನ ನೌಕರಳಿಗೆ ಏನೇನು ಗೊತ್ತಿದೆ ಎಂಬುದು ತಿಳಿದದ್ದು ವಿಮಾನ ಬಿದ್ದ ಮೇಲೆ. ಅಂಗಡಿ, ದೋಣಿ, ಲಾರಿ ನಡೆಸುವವರು ಅಷ್ಟು ದೂರ ಕಾಯಬೇಕಾಗಿಲ್ಲ. ಕೆಲಸದವರ ಬಳಿ ಇವತ್ತೇ ಕೇಳಿ ತಿಳಿದುಕೊಳ್ಳಬಹುದು.