ದಂಡಿನ ಬಂದೂಕು, ಅಟ್ಟದ ತುಕ್ಕು

1854ರಲ್ಲಿ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಲಿಲಾವಿಗೆ ಬಂತು. ಊರು ಆಗ ಸಾತಾರಾ ಆಡಳಿತಕ್ಕೆ ಸೇರಿತ್ತು. ಬುರುಜಿನ ಮೇಲೆ ಕೆಲಸವಿಲ್ಲದೆ ಕುಳಿತಿದ್ದ ತೋಪು ಬ್ರಿಟಿಷ್ ಅಧಿಕಾರಿಗಳ ಲೆಕ್ಕದಲ್ಲಿ ಹಳೆಯ ಸಾಮಾನು. 55 ಟನ್ ತೂಕದ ಆ ತೋಪಿಗೆ ಬಂದ ಹೆಚ್ಚಿನ ಸವಾಲು 150 ರೂಪಾಯಿ. ಜನ ಅದನ್ನು ಭಕ್ತಿಯಿಂದ ಕಾಣುತ್ತಾರೆಂದು ತಿಳಿದ ಮೇಲೆ ಲಿಲಾವು ರದ್ದಾಯಿತು. ದಂಡು ಬೇಡವೆಂದು ಬಿಟ್ಟ ಆಯುಧವನ್ನು ಖಾಸಗಿಯವರಿಗೆ ಮಾರಹೊರಡುವ ವ್ಯವಹಾರ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ತೋಪು ಇವತ್ತಿಗೂ ಗಟ್ಟಿಯಾಗಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದಾಗ ಬಳಸಿದ್ದು ನೂರಕ್ಕೆ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಕಂಚು ಮಳೆಗಾಳಿಗೆ ಮೇಲ್ಮೈಯಲ್ಲಷ್ಟೇ ಬಣ್ಣ ಬದಲಿಸುತ್ತದೆ, ಒಳಗೆ ಕೊರೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಉಕ್ಕಿನ ರೈಫಲ್ಲಿಗೆ ಆ ಭಾಗ್ಯವಿಲ್ಲ. ಅದು ಮುಪ್ಪಾಗುತ್ತದೆ, ಮತ್ತು ಅದರ ಮುಪ್ಪು ಹೊರಗಿನಿಂದ ಕಾಣುವುದಿಲ್ಲ. ಮರದ ಹಿಡಿಕೆಗೆ ಎಣ್ಣೆ ಸವರಿ, ಉಕ್ಕು ಮಿರುಗುವಂತೆ ಒರೆಸಿಟ್ಟ ರೈಫಲ್ಲಿನ ನಳಿಗೆಯೊಳಗೆ, ಅದರ ತೋಟಾದೊಳಗೆ ಬೇರೆಯೇ ಕಥೆ ನಡೆದಿರುತ್ತದೆ.

ಹಳೆಯ ಸೈನಿಕ ರೈಫಲ್ಲುಗಳನ್ನು ಕೊಂಡು ಗುರಿಯಭ್ಯಾಸ ಮಾಡುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಗರಾಂಡ್ ರೈಫಲ್ಲುಗಳನ್ನು ನಾಗರಿಕರಿಗೆ ಮಾರುವ ಒಂದು ಸಂಸ್ಥೆಯಿದೆ. ಕಠ್ಮಂಡುವಿನ ಲಗನ್ ಸಿಲೇಖಾನಾದಲ್ಲಿ ಧೂಳು ತಿನ್ನುತ್ತಿದ್ದ ಸಾವಿರಾರು ಬಂದೂಕುಗಳನ್ನು 2003ರಲ್ಲಿ ವಿದೇಶಿ ವ್ಯಾಪಾರಿಗಳು ಸಗಟಾಗಿ ಕೊಂಡೊಯ್ದರು. ಬಂಗಾಳದ ಇಶಾಪುರ ಕಾರ್ಖಾನೆ 1962ರ ಚೀನಾ ಯುದ್ಧದ ಬಳಿಕ 7.62 ಮಿಲಿಮೀಟರ್ ತೋಟಾಕ್ಕೆಂದು ತಯಾರಿಸಿದ 2ಎ, 2ಎ1 ರೈಫಲ್ಲುಗಳೂ ಹೀಗೆಯೇ ಕಡಲು ದಾಟಿದವು. ಟೆಕ್ಸಾಸಿನ ರೈತ ಅವನ್ನು ಕೊಳ್ಳಬಹುದು, ಇಂಡಿ ತಾಲೂಕಿನ ರೈತ ಕೊಳ್ಳುವಂತಿಲ್ಲ.

ಕಾರಣ ನಮ್ಮ 1959ರ ಆಯುಧ ಕಾಯ್ದೆ. ಎಲ್ಲರ ಬಾಯಲ್ಲಿರುವ ತ್ರೀ ನಾಟ್ ತ್ರೀ ಆಗಲಿ, 7.62 ಆಗಲಿ, ಸೈನ್ಯ ಮತ್ತು ಪೊಲೀಸರ ತೋಟಾ ಹಾಕುವ ರೈಫಲ್ಲುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಜಿಲ್ಲಾಧಿಕಾರಿ ಕೊಡುವ ಲೈಸೆನ್ಸಿನ ವ್ಯಾಪ್ತಿಗೆ ಅವು ಬರುವುದಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದರೂ ಅವು ಸಂತೆಗೆ ಬರಲಿಲ್ಲ, ಬರುವಂತೆಯೂ ಇಲ್ಲ. ಈ ನಿರ್ಬಂಧದ ಬೇರು ಬ್ರಿಟಿಷರ ಭಯದಲ್ಲಿದೆ: ಸೈನ್ಯದ ಗುಂಡು ಬಂಡುಕೋರರ ಬಂದೂಕಿಗೆ ಹೊಂದಬಾರದು. ಬೇಟೆಯ .450 ರೈಫಲ್ಲನ್ನೂ ಅವರು 1907ರಲ್ಲಿ ಭಾರತದೊಳಗೆ ತಡೆದದ್ದು ಇದೇ ಕಾರಣಕ್ಕೆ. ನಮ್ಮ ನಾಗರಿಕರಿಗೆ ಸರ್ಕಾರಿ ಕಾರ್ಖಾನೆಯಿಂದ ಸಿಗುವ .315 ರೈಫಲ್ಲು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ದಂಡು ಬಳಸುತ್ತಿದ್ದ ತೋಟಾವನ್ನು ಹಾರಿಸುತ್ತದೆ. ಆ ಸಾಮ್ರಾಜ್ಯ 1918ರಲ್ಲೇ ಅಳಿಯಿತು. ಅದರ ತೋಟಾ ಮಾತ್ರ ಭಾರತದ ಲೈಸೆನ್ಸುದಾರರ ಕೈಯಲ್ಲಿ ಉಳಿದುಕೊಂಡಿದೆ.

ಬ್ರಿಟಿಷರ ಆ ಭಯಕ್ಕೆ ನಮ್ಮ ನೆಲವೇ ಒಂದು ಕಾರಣವಾಗಿತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣ ಕೊಟ್ಟರು. ಆ ವರ್ಷದ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆ ಕೊಟ್ಟ ಬಂದೂಕಿನಲ್ಲಿ ಬ್ರಿಟಿಷರು ಒಂದು ಬದಲಾವಣೆ ಮಾಡಿದರು. ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗಿದ್ದ ಸುರುಳಿ ಗೀರುಗಳನ್ನು ಕೊರೆದು ಅಳಿಸಿ ಒಳಗೋಡೆಯನ್ನು ನುಣ್ಣಗೆ ಮಾಡಿದರು. ಹೊರಗಿನಿಂದ ಬಂದೂಕು ಹಾಗೆಯೇ ಇತ್ತು. ಆದರೆ ನೂರು ಗಜ ದಾಟಿದ ಮೇಲೆ ಅದರ ಗುಂಡು ಎಲ್ಲಿ ಬೀಳುತ್ತದೆಂಬ ಭರವಸೆ ಹೋಯಿತು.

ಆ ಗೀರುಗಳಲ್ಲಿ ಅಂಥದ್ದೇನಿದೆ? ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ತಿರುಗುವುದು ನಿಂತರೆ ಮಗುಚುತ್ತದೆ. ಉದ್ದನೆಯ ಗುಂಡೂ ಹಾಗೆಯೇ, ತಿರುಗದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ತ್ರೀ ನಾಟ್ ತ್ರೀಯ ನಳಿಗೆಯಲ್ಲಿ ಐದು ಗೀರುಗಳು 254 ಮಿಲಿಮೀಟರಿಗೆ ಒಂದು ಸುತ್ತು ಹಾಕುತ್ತವೆ. 11.3 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 744 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ 2,900ಕ್ಕೂ ಹೆಚ್ಚು ಸುತ್ತು! ಅದರ ಚಲನಶಕ್ತಿ 3,100 ಜೂಲ್‌ನಷ್ಟು. ಲೈಸೆನ್ಸ್ ಬೇಡದ ಏರ್ ರೈಫಲ್ಲಿಗೆ ಕಾನೂನು ಇಟ್ಟಿರುವ ಮಿತಿ 20 ಜೂಲ್.

ಈ ಶಕ್ತಿ ಹುಟ್ಟುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ. ಅಷ್ಟರಲ್ಲಿ ತೋಟಾದ ಮದ್ದು ಉರಿದು ಅನಿಲವಾಗಿ, ನಳಿಗೆಯ ಬುಡದಲ್ಲಿ ಹೊರಗಿನ ಗಾಳಿಯ ಒತ್ತಡದ ಸುಮಾರು 3,000 ಪಟ್ಟು ಒತ್ತಡ ಏಳುತ್ತದೆ. ಇದನ್ನು ತಡೆಯುವುದು ಮೂರು ವಸ್ತುಗಳು: ನಳಿಗೆಯ ಉಕ್ಕು, ಹಿಂದಿನ ಬೋಲ್ಟು, ನಡುವೆ ಇರುವ ತೆಳ್ಳಗಿನ ಹಿತ್ತಾಳೆಯ ತೋಟಾ. ಹಿತ್ತಾಳೆ ಆ ಕ್ಷಣದಲ್ಲಿ ಹಿಗ್ಗಿ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ಬಾಯಿ ಮುಚ್ಚುತ್ತದೆ. ಬಂದೂಕಿನ ಹಿಂದೆ, ಗೇಣು ದೂರದಲ್ಲಿ, ಹಾರಿಸುವವನ ಕಣ್ಣು ಇರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಮುಪ್ಪು ಮೊದಲು ನಳಿಗೆಯನ್ನು ಹಿಡಿಯುತ್ತದೆ. ಹಳೆಯ ಸೈನಿಕ ತೋಟಾದ ಬುಡದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವವನ್ನು ಹೀರಿಕೊಂಡು ಅದು ಉಕ್ಕಿಗೆ ಅಂಟಿ ಕೂರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ಹಾಗಾಗಿ ಎಣ್ಣೆ ಬಟ್ಟೆ ಹಾಕಿ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಬ್ರಿಟಿಷ್ ದಂಡಿನ ಸಿಪಾಯಿಗಳು ಗುಂಡು ಹಾರಿಸಿದ ದಿನವೇ ನಳಿಗೆಯೊಳಗೆ ಕುದಿಯುವ ನೀರು ಸುರಿಯುತ್ತಿದ್ದುದು ಇದಕ್ಕೇ. ನೀರು ಉಪ್ಪನ್ನು ಕರಗಿಸಿ ಒಯ್ಯುತ್ತಿತ್ತು, ಬಿಸಿಗೆ ನಳಿಗೆ ತಾನೇ ಒಣಗುತ್ತಿತ್ತು, ಎಣ್ಣೆಯ ಸರದಿ ಆಮೇಲೆ. ಯಾರೋ ಒಬ್ಬ ಒಂದು ದಿನ ಸೋಮಾರಿತನ ಮಾಡಿದ್ದರೂ ಆ ಕಲೆ ನೂರು ವರ್ಷದ ನಂತರ ನಳಿಗೆಯೊಳಗೆ ಕುಳಿಗಳಾಗಿ ಸಿಗುತ್ತದೆ.

ತೋಟಾದ ಕಥೆ ಇನ್ನೂ ಸ್ವಾರಸ್ಯದ್ದು, ಮತ್ತು ಅದು ಭಾರತದ್ದೇ. ಬ್ರಿಟಿಷ್ ದಂಡು ಮಳೆಗಾಲದಲ್ಲಿ ಚಟುವಟಿಕೆ ತಗ್ಗಿಸಿ, ತೋಟಾದ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಅವುಗಳನ್ನು ಯಾರೂ ಬೀಳಿಸಿರಲಿಲ್ಲ, ಬಡಿದಿರಲಿಲ್ಲ. ಋತುವಿನ ಜೊತೆ ಬರುವ ಬಿರುಕೆಂದು ಹೆಸರಿಟ್ಟು ಸುಮ್ಮನಾದರು. ಒಗಟು ಬಿಡಿಸಿದ್ದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಹಿತ್ತಾಳೆಯನ್ನು ಮುಟ್ಟುತ್ತದೆ, ತಾಮ್ರದ ಜೊತೆ ಕೂಡಿ ಅದನ್ನು ಲೋಹದ ಕಣಗಳ ಸಂದುಗಳಿಂದ ಕಿತ್ತುಕೊಳ್ಳುತ್ತದೆ. ಆದರೆ ಅಮೋನಿಯಾ ಒಂದೇ ಸಾಲದು. ಹಿತ್ತಾಳೆಯ ಬಿಲ್ಲೆಯನ್ನು ಕಾಯಿಸದೆ ಎಳೆದೆಳೆದು ತೋಟಾ ಮಾಡುವಾಗ ಲೋಹದೊಳಗೆ ಬಿಗುವು ಉಳಿದುಬಿಟ್ಟಿರುತ್ತದೆ. ಆ ಬಿಗುವು, ಈ ಅಮೋನಿಯಾ ಎರಡೂ ಕೂಡಿದಾಗ ಬಿರುಕು. ತಯಾರಿಕೆಯ ಕೊನೆಯಲ್ಲಿ ಹದವಾಗಿ ಕಾಯಿಸಿ ಬಿಗುವು ತೆಗೆದರೆ ರೋಗ ಬರುವುದಿಲ್ಲ. ಇವತ್ತು ಕೊಳವೆ, ಬಾಯ್ಲರು, ಸೇತುವೆ ಕಟ್ಟುವ ಎಂಜಿನಿಯರುಗಳು ಓದುವ ಒತ್ತಡ-ತುಕ್ಕಿನ ಶಾಸ್ತ್ರದಲ್ಲಿ ಈ ಕುದುರೆ ಲಾಯಕ್ಕೆ ಮೊದಲ ಪುಟಗಳಲ್ಲೇ ಜಾಗವಿದೆ.

ನಾನು ಇದನ್ನು ಇಷ್ಟು ಹೇಳಲು ಕಾರಣವುಂಟು. ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ದನದ ಗ್ವಾದಲಿ, ಅದರಾಚೆಗೆ ಪಡಸಾಲೆ. ಎತ್ತುಗಳ ಮೂತ್ರದ ಘಾಟು ಮನೆಯ ಗಾಳಿಯಲ್ಲೇ ಬೆರೆತಿರುತ್ತದೆ. ಅಂಥ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ತೋಟಾಗಳಿದ್ದರೆ, ಅವು ಆ ಕುದುರೆ ಲಾಯದಲ್ಲೇ ಹತ್ತಾರು ವರ್ಷ ಕಳೆದಂತಾಯಿತು. ಬಿರುಕು ಕೂದಲೆಳೆಯಷ್ಟಿದ್ದರೂ ಹಾರಿಸುವಾಗ ಬಾಯಿ ಮುಚ್ಚಬೇಕಾದ ಹಿತ್ತಾಳೆ ಬಾಯಿ ತೆರೆಯುತ್ತದೆ.

ಇನ್ನು ಒಳಗಿನ ಮದ್ದು. ತ್ರೀ ನಾಟ್ ತ್ರೀಗೆ ಬಳಸುತ್ತಿದ್ದುದು ಕಾರ್ಡೈಟ್: ನೈಟ್ರೋಗ್ಲಿಸರಿನ್, ಗನ್‌ಕಾಟನ್ ಮತ್ತು ಸ್ವಲ್ಪ ವ್ಯಾಸಲಿನ್. ನೀಲಗಿರಿಯ ಅರುವಂಕಾಡಿನಲ್ಲಿ ಇದಕ್ಕೆಂದೇ ಕಾರ್ಖಾನೆ ಎದ್ದಿತು. ಅಲ್ಲಿಯ ತಂಪು ಹವೆ ಮದ್ದಿಗೆ ಒಳ್ಳೆಯದು. ಈ ಜಾತಿಯ ಮದ್ದು ವರ್ಷ ಕಳೆದಂತೆ ತಾನಾಗಿ ಒಡೆಯುತ್ತ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಆ ಅನಿಲಗಳೇ ಒಡೆಯುವುದನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಬಿಸಿ ಏರಿದಷ್ಟೂ ವೇಗ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ತಗಡಿನ ಛಾವಣಿಯ ಕೆಳಗಿನ ಅಟ್ಟ ಇದಕ್ಕೆ ತೀರ ಕೆಟ್ಟ ಜಾಗ. ಹಳೆಯ ತೋಟಾ ಕೆಲವೊಮ್ಮೆ ಹಾರುವುದೇ ಇಲ್ಲ, ಕೆಲವೊಮ್ಮೆ ಟ್ರಿಗರ್ ಎಳೆದ ಮೇಲೆ ತಡವಾಗಿ ಹಾರುತ್ತದೆ. ಹಾರಲಿಲ್ಲವೆಂದು ಬೋಲ್ಟು ತೆರೆದವರಿಗೆ ಆ ತಡವೇ ಕಂಟಕ.

ಪರಿಣತ ಸಂಗ್ರಾಹಕರು ಹಳೆಯ ರೈಫಲ್ಲು ಕೈಗೆತ್ತಿಕೊಂಡರೆ ಮರದ ಅಂದ ನೋಡುವುದಿಲ್ಲ. ಬೋಲ್ಟಿನ ಮೇಲಿನ ನಂಬರು, ಮೈಮೇಲಿನ ನಂಬರು ಒಂದೇ ಇದೆಯೇ ಎಂದು ನೋಡುತ್ತಾರೆ. ಪ್ರತಿ ಬೋಲ್ಟನ್ನೂ ಆಯಾ ರೈಫಲ್ಲಿಗೇ ಉಜ್ಜಿ ಹೊಂದಿಸಿರುತ್ತಾರೆ. ಬೇರೆಯದರ ಬೋಲ್ಟು ಹಾಕಿದರೆ ತೋಟಾದ ಹಿಂದೆ ಕೂದಲೆಳೆ ಅಂತರ ಹೆಚ್ಚಿ, ಹಿತ್ತಾಳೆ ಎಳೆದು ಹರಿಯಬಹುದು. ಗೇಜು ಹಾಕಿ ಅಳೆಯದೆ ಅವರು ಗುಂಡು ತುಂಬುವುದಿಲ್ಲ.

ಭೀಮಾ ತೀರದಲ್ಲಿ, ಇಂಡಿ ಮತ್ತು ಸಿಂದಗಿ ಸೀಮೆಯಲ್ಲಿ, ಪೊಲೀಸರು ಹಿಡಿಯುವ ನಾಡ ಪಿಸ್ತೂಲುಗಳಿಗೆ ಈ ಯಾವ ಅಳತೆಯೂ ಇಲ್ಲ. ಕಾರ್ಖಾನೆಯ ಬಂದೂಕನ್ನು ಹೊರಗೆ ಕಳಿಸುವ ಮುನ್ನ ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟಾ ಹಾರಿಸಿ, ತಾಳಿಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ನಾಡ ಪಿಸ್ತೂಲಿನ ನಳಿಗೆ ಯಾವ ಉಕ್ಕಿನದು, ಅದಕ್ಕೆ ಹದ ಕೊಟ್ಟಿದ್ದಾರೋ ಇಲ್ಲವೋ ಎಂಬುದು ಹಿಡಿದವನಿಗೂ ಗೊತ್ತಿರುವುದಿಲ್ಲ. ಅದು ಎದುರಿಗಿರುವವನಿಗೆ ಎಷ್ಟು ಅಪಾಯವೋ ಹಿಡಿದ ಕೈಗೂ ಅಷ್ಟೇ. ಹುಡುಗರು ಅದನ್ನು ಶೌರ್ಯವೆಂದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಬಂದೂಕಿನ ಶಾಸ್ತ್ರದಲ್ಲಿ ಆಸಕ್ತಿಯಿರುವ ನಮ್ಮ ಹುಡುಗ ಹುಡುಗಿಯರಿಗೆ ದಾರಿಯಿಲ್ಲವೇ? ಇದೆ. ಹತ್ತು ಮೀಟರ್ ಏರ್ ರೈಫಲ್ ಒಲಿಂಪಿಕ್ ಕ್ರೀಡೆ. ಉಸಿರು, ನಾಡಿಬಡಿತ, ಗುರಿಯ ಶಾಸ್ತ್ರವೆಲ್ಲ ಅಲ್ಲಿಯೂ ಅದೇ. ಹಳೆಯ ಆಯುಧ ನೋಡಬೇಕೆನ್ನುವವರು ಗೋಳಗುಮ್ಮಟದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರು 1565ರ ತಾಳಿಕೋಟೆ ಯುದ್ಧದ ಜೊತೆ ಬೆಸೆದುಕೊಂಡಿದೆ. ದಖ್ಖನದ ತೋಪುಗಳ ಚರಿತ್ರೆ ಓದಲು ಇದಕ್ಕಿಂತ ಒಳ್ಳೆಯ ನೆಲ ಎಲ್ಲಿದೆ?

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಹಳೆಯ ಮನೆತನದವರಲ್ಲಿ ನನ್ನದೊಂದು ಬೇಡಿಕೆ. ಅಟ್ಟದ ಮೇಲೆ ಅಜ್ಜ, ಮುತ್ತಜ್ಜ ಬಿಟ್ಟುಹೋದ ಬಂದೂಕು ಸಿಕ್ಕರೆ ಹಬ್ಬಕ್ಕೋ ಮದುವೆಗೋ ಅದನ್ನು ಹಾರಿಸಿ ನೋಡಬೇಡಿ. ಸಂಭ್ರಮಕ್ಕೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ನಂತರ ಶಿಕ್ಷಾರ್ಹ ಅಪರಾಧವೂ ಹೌದು. ಉಸುಕಿನ ಕಾಗದ ಹಾಕಿ ತಿಕ್ಕಬೇಡಿ, ಮೇಲಿನ ಮುದ್ರೆ ಮತ್ತು ನಂಬರುಗಳೇ ಅದರ ಚರಿತ್ರೆ. ಲೈಸೆನ್ಸಿನ ಅವಧಿ ತೀರಿದ್ದರೆ, ಲೈಸೆನ್ಸುದಾರರು ತೀರಿಕೊಂಡಿದ್ದರೆ, ಆಯುಧ ಮತ್ತು ತೋಟಾಗಳನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೆ ಪರವಾನಗಿ ಇರುವ ಆಯುಧ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರಾಗಿ ಅದನ್ನು ಇಟ್ಟುಕೊಳ್ಳುವ ಅರ್ಜಿಯನ್ನು ಆಮೇಲೆ ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಬಹುದು. ಹಳೆಯ ತೋಟಾಗಳನ್ನು ಮಾತ್ರ ನೀವೇ ಹೊತ್ತು ಬಸ್ಸು ಹತ್ತಬೇಡಿ. ಠಾಣೆಗೆ ಫೋನು ಮಾಡಿ, ಅವರೇ ಬಂದು ಒಯ್ಯಲಿ.