ಮೊಂಡು ಡಿಕ್ಕಿ, ಮೂಕ ಗುಂಡಿ

ಸಂಜೆ ಆರರ ನಂತರ ಮಾಗಡಿ ರಸ್ತೆಯಲ್ಲಿ ಕಾರು ಓಡಿಸುವವನಿಗೆ ಓಡಿಸುವ ಕೆಲಸವೇನೂ ಹೆಚ್ಚಿರುವುದಿಲ್ಲ. ಕಾಮಾಕ್ಷಿಪಾಳ್ಯದಿಂದ ಸುಮನಹಳ್ಳಿಯವರೆಗೆ ತೆವಳುವ ಆ ಮೆರವಣಿಗೆಯಲ್ಲಿ ಮುಂದಿರುವ ಕಾರಿನ ಬೆನ್ನನ್ನು ನೋಡುತ್ತ ಕೂರುವುದೊಂದೇ ಅವನ ಪಾಲಿಗೆ ಉಳಿದಿರುತ್ತದೆ. ಮನುಷ್ಯರ ಮುಖ ನೋಡಿ ಸ್ವಭಾವ ಹೇಳುವವರಿದ್ದಾರೆ. ಕಾರುಗಳ ವಿಷಯದಲ್ಲಿ ಬೆನ್ನೇ ಹೆಚ್ಚು ನಿಜ ನುಡಿಯುತ್ತದೆ ಎಂಬುದು ಈ ರಸ್ತೆಯಲ್ಲಿ ಹಲವು ವರ್ಷ ಕಳೆದ ನನ್ನ ಅಭಿಪ್ರಾಯ. ಮುಖವನ್ನು ಮಾರಾಟಕ್ಕೆಂದು ಸಿಂಗರಿಸಿರುತ್ತಾರೆ. ತಯಾರಕರ ಕಷ್ಟಸುಖಗಳೆಲ್ಲ ಹೋಗಿ ಸೇರುವುದು ಬೆನ್ನಿಗೆ.

ಹೆಜ್ಜೆಗೊಂದರಂತೆ ಕಾಣಸಿಗುವ ಒಂದು ಜಾತಿಯ ಕಾರನ್ನು ತೆಗೆದುಕೊಳ್ಳಿ. ಮೂತಿಯಿಂದ ಹಿಂಬಾಗಿಲಿನವರೆಗೆ ಎಲ್ಲವೂ ಲಕ್ಷಣವಾಗಿದೆ. ಅಲ್ಲಿಂದಾಚೆಗೆ ಏನೋ ಅವಸರ. ಬಟ್ಟೆ ಸಾಲದೆ ಬಂದಾಗ ದರ್ಜಿ ತೋಳನ್ನು ಮೊಣಕೈಗೇ ಮುಗಿಸಿಬಿಡುವಂತೆ, ಡಿಕ್ಕಿ ಶುರುವಾಗುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಕಾರಿನ ಹಿಂದಿನ ಸಾಮಾನಿನ ಜಾಗಕ್ಕೂ, ಒಂದು ವಾಹನ ಇನ್ನೊಂದಕ್ಕೆ ಗುದ್ದುವುದಕ್ಕೂ ನಾವು ‘ಡಿಕ್ಕಿ’ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಈ ಕಾರುಗಳನ್ನು ನೋಡಿದಾಗಲೆಲ್ಲ ಎರಡನೆಯ ಡಿಕ್ಕಿ ಸಂಭವಿಸಿದ್ದರಿಂದಲೇ ಮೊದಲನೆಯ ಡಿಕ್ಕಿ ಒಳಸರಿಯಿತೇನೋ ಎಂಬ ಅನುಮಾನ ಬರುತ್ತದೆ.

ವಿನ್ಯಾಸಕಾರನನ್ನು ಬೈಯುವ ಮುನ್ನ 2006ರ ಕೇಂದ್ರ ಬಜೆಟ್ಟನ್ನು ನೆನೆಯಬೇಕು. ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಯಾವುದು? ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಗುಮಾಸ್ತರು ಬರೆದ ಈ ಒಂದು ವಾಕ್ಯ, ದೇಶದ ಯಾವ ಕಲಾವಿದನೂ ಮಾಡದಷ್ಟು ಪ್ರಭಾವವನ್ನು ನಮ್ಮ ಬೀದಿಗಳ ನೋಟದ ಮೇಲೆ ಬೀರಿತು. ಮಧ್ಯಮವರ್ಗಕ್ಕೆ ಡಿಕ್ಕಿಯಿರುವ ಕಾರೇ ಬೇಕು, ಏಕೆಂದರೆ ಡಿಕ್ಕಿ ಅಂತಸ್ತಿನ ಗುರುತು. ಸರ್ಕಾರಕ್ಕೆ ಸಣ್ಣ ಕಾರು ಬೇಕು. ನಡುವೆ ಸಿಕ್ಕಿಬಿದ್ದ ಕಂಪನಿಗಳು ಗರಗಸ ಹಿಡಿದವು.

ಟಾಟಾದವರು 2008ರಲ್ಲಿ ಇಂಡಿಗೊ ಕಾರಿನ ಬಾಲ ಕತ್ತರಿಸಿ ‘ಸಿಎಸ್’ ಎಂದು ಹೆಸರಿಟ್ಟರು. ಮಾರುತಿಯ ಡಿಜೈರ್ 2008ರಲ್ಲಿ ಬಂದಾಗ 4,160 ಮಿಲಿಮೀಟರ್ ಉದ್ದವಿತ್ತು. 2012ರಲ್ಲಿ ಅದು 3,995ಕ್ಕೆ ಕುಗ್ಗಿತು. ಕಳೆದುಕೊಂಡದ್ದು ಒಂದು ಗೇಣಿಗಿಂತ ಕಡಿಮೆ. ಡಿಕ್ಕಿಯ ಜಾಗ ಮಾತ್ರ 440 ಲೀಟರ್‌ನಿಂದ 316ಕ್ಕೆ ಇಳಿಯಿತು. ಅಂದರೆ ಊರಿಗೆ ಹೊರಟ ಕುಟುಂಬದ ಒಂದು ಸೂಟ್‌ಕೇಸು ಅಜ್ಜಿಯ ಮಡಿಲಿಗೆ ಬಂತು. 2013ರ ಮಹೀಂದ್ರ ವೆರಿಟೊ ವೈಬ್ ಈ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ನೊಂದಿತ್ತೆಂದರೆ, ಅದಕ್ಕೆ ಡಿಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಎರಡು ಬಾರಿ ನೋಡಿ ತೀರ್ಮಾನಿಸಬೇಕಿತ್ತು. ಅಬಕಾರಿ ಸುಂಕ ಹೋಗಿ 2017ರಲ್ಲಿ ಜಿಎಸ್‌ಟಿ ಬಂದರೂ ನಾಲ್ಕು ಮೀಟರಿನ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗೆ ಶೇ 18, ಆಚೆಗೆ ಶೇ 40. ಗರಗಸಕ್ಕೆ ಇನ್ನೂ ಬಹುಕಾಲ ಕೆಲಸವಿದೆ.

ಇಷ್ಟನ್ನು ಪುಸ್ತಕದ ಓದಿನಿಂದಲೇ ಹೇಳಬಹುದು. ಕಾರಿನೊಳಗಿನ ಸಣ್ಣಪುಟ್ಟ ವಿಚಿತ್ರಗಳ ಬಗ್ಗೆ ನನಗೆ ಬುದ್ಧಿ ಬಂದದ್ದು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ. ಮುಖ್ಯರಸ್ತೆಯಿಂದ ಒಳಗೆ ಹೊಕ್ಕರೆ ಲೇತು, ಪ್ರೆಸ್ಸು, ಪೌಡರ್ ಕೋಟಿಂಗು, ಪ್ಲಾಸ್ಟಿಕ್ ಮೋಲ್ಡಿಂಗುಗಳ ಸದ್ದು ಬೀದಿಗೊಂದು ಬಗೆ. ಅಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಅಚ್ಚು ಮಾಡುವ ಪರಿಚಿತರೊಬ್ಬರಿದ್ದಾರೆ. ಬೇರೆ ಯಾವುದೋ ಕೆಲಸಕ್ಕೆ ಹೋದವನು ಮಾತಿನ ನಡುವೆ ನನ್ನ ಕಾರಿನ ಬಗ್ಗೆ ಗೊಣಗಿದೆ. ನನ್ನದು ಕಡಿಮೆ ದರ್ಜೆಯ ಮಾದರಿ. ಸ್ಟೀರಿಂಗಿನ ಬಲಗಡೆ ಸಾಲಾಗಿ ನಾಲ್ಕು ಗುಂಡಿಗಳ ಜಾಗ. ಕೆಲಸ ಮಾಡುವುದು ಒಂದು. ಉಳಿದ ಮೂರು ಬರಿಯ ಕಪ್ಪು ಮುಚ್ಚಳ. ತೀರಿಕೊಳ್ಳುವವರೆಗೂ ನನ್ನ ತಂದೆ ಪಕ್ಕದಲ್ಲಿ ಕುಳಿತಾಗಲೆಲ್ಲ ಅದನ್ನು ತೋರಿಸಿ, ‘ಇದು ಯಾತಕ್ಕಪ್ಪ?’ ಎಂದು ಕೇಳುತ್ತಿದ್ದರು. ‘ಯಾತಕ್ಕೂ ಇಲ್ಲ ಅಣ್ಣ’ ಎಂದು ಹೇಳಲು ನಾಚಿಕೆಯಾಗುತ್ತಿತ್ತು. ಇನ್ನೂ ಒಂದು ಲಕ್ಷ ಕೊಟ್ಟಿದ್ದರೆ ನಿನಗೇನೇನು ಸಿಗುತ್ತಿತ್ತು ಎಂಬುದನ್ನು ದಿನಾ ಬೆಳಿಗ್ಗೆ ನೆನಪಿಸುವ ಮೂಕ ಗುಂಡಿಗಳು ಅವು.

ಅಚ್ಚಿನವರು ನಕ್ಕರು. ‘ಸಾರ್, ನಿಮಗೆ ಅದು ಖಾಲಿ ಗುಂಡಿ. ನಮ್ಮಂಥವರಿಗೆ ಅದು ಶೆಡ್ಡಿನ ಬಾಡಿಗೆ.’

ಆಮೇಲೆ ವಿವರಿಸಿದರು. ಡ್ಯಾಶ್‌ಬೋರ್ಡಿನಂಥ ದೊಡ್ಡ ಭಾಗಕ್ಕೆ ಬೇಕಾದ ಉಕ್ಕಿನ ಅಚ್ಚು ಬಹಳ ದುಬಾರಿ. ಅಗ್ಗದ ಮಾದರಿಗೊಂದು, ದುಬಾರಿ ಮಾದರಿಗೊಂದು ಎಂದು ಎರಡು ಅಚ್ಚು ಮಾಡಿದರೆ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಎಲ್ಲ ಗುಂಡಿಗಳಿಗೂ ಜಾಗ ಬಿಟ್ಟು ಒಂದೇ ಅಚ್ಚು. ಗುಂಡಿಯಿಲ್ಲದಲ್ಲಿ ಒಂದು ಮುಚ್ಚಳ. ಆ ಮುಚ್ಚಳದ ಅಚ್ಚು ಸಣ್ಣದು, ಸಣ್ಣ ಶೆಡ್ಡಿನಲ್ಲೂ ಆಗುತ್ತದೆ. ಒಂದು ಹೊಡೆತಕ್ಕೆ ಎಂಟೋ ಹದಿನಾರೋ ಉದುರುತ್ತವೆ. ‘ಅಚ್ಚಿನಿಂದ ಬಿಡಿಸಿಕೊಂಡು ಬರಬೇಕಲ್ಲ, ಅದಕ್ಕೇ ಪಕ್ಕಗಳು ಸ್ವಲ್ಪ ಓರೆ ಇರಬೇಕು. ನೇರ ಇದ್ದರೆ ಕಚ್ಚಿಕೊಳ್ಳುತ್ತೆ. ನಿಮಗೆ ಕಾಣೋ ವಕ್ರ ಎಲ್ಲ ವಕ್ರ ಅಲ್ಲ ಸಾರ್.’

ಆ ಮಾತು ಹಿಡಿದುಕೊಂಡು ಹಿಂದೆ ನೋಡಿದರೆ ಎಷ್ಟೋ ವಿಚಿತ್ರಗಳು ಬಿಡಿಸಿಕೊಳ್ಳುತ್ತವೆ. 2007ರಲ್ಲಿ ಮಹೀಂದ್ರ-ರೆನೊ ತಂದ ಲೋಗನ್ ಕಾರಿನ ಎರಡು ಪಕ್ಕದ ಕನ್ನಡಿಗಳೂ ಒಂದೇ ಆಕಾರ. ಸಾಮಾನ್ಯವಾಗಿ ಎಡ ಬಲ ಬೇರೆಬೇರೆ. ಇಲ್ಲಿ ಒಂದೇ ಅಚ್ಚಿನ ಭಾಗವನ್ನು ಎರಡೂ ಕಡೆ ಕೂರಿಸಲಾಗಿತ್ತು. ಅದೇ ಕಾರಿನ ಹಾರ್ನ್ ಸ್ಟೀರಿಂಗಿನ ನಡುವೆ ಇರದೆ ಪಕ್ಕದ ಕಡ್ಡಿಯ ತುದಿಯಲ್ಲಿತ್ತು. ಯುರೋಪಿನಲ್ಲಿ ಹಾರ್ನ್ ಅಪರೂಪದ ಉಪಕರಣ, ಎಲ್ಲಿದ್ದರೂ ನಡೆಯುತ್ತದೆ. ವಿಜಯನಗರದ ಬಸ್ ನಿಲ್ದಾಣದೆದುರು ಹಾರ್ನ್ ಹುಡುಕುತ್ತ ಸ್ಟೀರಿಂಗಿನ ಹೊಟ್ಟೆಗೆ ಗುದ್ದಿದವರ ಪಾಡು ಆ ವಿನ್ಯಾಸಕಾರನಿಗೆ ಗೊತ್ತಿರಲಿಲ್ಲ. 2009ರ ನ್ಯಾನೊ ಕಾರಿಗೆ ಪೆಟ್ರೋಲ್ ಹಾಕಲು ಮುಂದಿನ ಮುಚ್ಚಳ ಎತ್ತಬೇಕಿತ್ತು. ಹಿಂದಿನ ಬಾಗಿಲು ನೋಡಲು ಬಾಗಿಲು, ತೆರೆಯುತ್ತಿರಲಿಲ್ಲ. ತೆರೆಯುವ ಬಾಗಿಲು ಬಂದದ್ದು 2015ರಲ್ಲಿ, ಜನ ಅದನ್ನು ಮರೆಯತೊಡಗಿದ ಮೇಲೆ. ಒಂದು ವೈಪರ್, ಚಕ್ರಕ್ಕೆ ಮೂರೇ ನಟ್ಟು: ಒಂದು ಲಕ್ಷದ ಮಾತು ಉಳಿಸಿಕೊಳ್ಳಲು ಪಟ್ಟ ಪಾಡು ಮೈಮೇಲೆಲ್ಲ ಕಾಣುತ್ತಿತ್ತು. ಬಡವನ ಮನೆಯ ಮದುವೆಯಲ್ಲಿ ಎಲೆಯ ತುದಿ ಸೀಳಿದ್ದರೆ ನಾವು ಎತ್ತಿ ಆಡುವುದಿಲ್ಲ. ನ್ಯಾನೊಗೆ ಆ ದಾಕ್ಷಿಣ್ಯ ಸಿಗಲಿಲ್ಲ.

ನಮ್ಮ ಪಕ್ಕದ ಬಿಡದಿಯಿಂದಲೇ ಬಂದ ಉದಾಹರಣೆಯೊಂದಿದೆ. ಟೊಯೊಟಾ ಕಿರ್ಲೋಸ್ಕರ್ ಅಲ್ಲಿ ತಯಾರಿಸಿ 2010ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಎಟಿಯೋಸ್ ಕಾರಿನಲ್ಲಿ ವೇಗದ ಮುಳ್ಳು ಚಾಲಕನ ಎದುರಿಗೆ ಇರಲಿಲ್ಲ. ಡ್ಯಾಶ್‌ಬೋರ್ಡಿನ ನಟ್ಟನಡುವೆ ಇತ್ತು. ಇಂಡಿಕಾ ವಿಸ್ಟಾ, ನ್ಯಾನೊಗಳಲ್ಲೂ ಹೀಗೇ ಇತ್ತು. ಸ್ಟೀರಿಂಗ್ ಬಲಕ್ಕಿರಲಿ ಎಡಕ್ಕಿರಲಿ ಮೀಟರಿನ ಜಾಗ ಬದಲಿಸಬೇಕಿಲ್ಲ ಎಂಬುದು ಈ ಏರ್ಪಾಡಿನ ಅನುಕೂಲ. ಎಟಿಯೋಸ್ ದಕ್ಷಿಣ ಆಫ್ರಿಕಾಕ್ಕೂ ಹೋಯಿತು, ಎಡಗಡೆ ಸ್ಟೀರಿಂಗಿನ ಬ್ರೆಜಿಲ್‌ನಲ್ಲೂ ತಯಾರಾಯಿತು. ಕೊಳ್ಳುವವರು ಮೂಗು ಮುರಿದರು. ಕಾರು ಕ್ರಮೇಣ ಟ್ಯಾಕ್ಸಿಯವರ ಪಾಲಾಯಿತು. 595 ಲೀಟರಿನ ಡಿಕ್ಕಿ, ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಇನ್ನೇನು ಬೇಕು? ನಾಲ್ಕು ಮೀಟರಿಗೆ ಬಗ್ಗದ ಕಾರು ಅದು ಎಂಬುದನ್ನು ಗಮನಿಸಬೇಕು.

ಟ್ಯಾಕ್ಸಿಯಾದ ಮೇಲೆ ಆ ವಿಚಿತ್ರಕ್ಕೆ ಯಾರೂ ಯೋಜಿಸಿರದ ಒಂದು ಉಪಯೋಗ ಹುಟ್ಟಿಕೊಂಡಿತು. ಹಿಂದಿನ ಸೀಟಿನಲ್ಲಿ ಕುಳಿತವರಿಗೂ ವೇಗ ಕಾಣುತ್ತಿತ್ತು. ರಾತ್ರಿ ಎರಡು ಗಂಟೆಗೆ ದೇವನಹಳ್ಳಿಯಿಂದ ಒಬ್ಬಳೇ ಬರುವ ಮಗಳು, ಮೀಟರಿನ ಕಡೆ ಕಣ್ಣು ಹಾಯಿಸಿ, ‘ಸ್ವಲ್ಪ ನಿಧಾನ ಹೋಗಿ ಅಣ್ಣಾ’ ಎಂದು ಅಂಕಿಯ ಬಲದಿಂದ ಹೇಳಬಹುದಿತ್ತು. ಚಾಲಕನೂ ವಾದಿಸುವಂತಿರಲಿಲ್ಲ. 2020ರಲ್ಲಿ ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿಗೆ ಎಟಿಯೋಸ್ ನಿಂತಿತು. ಈಗಿನ ಟ್ಯಾಕ್ಸಿಗಳಲ್ಲಿ ಮೀಟರು ತನ್ನ ‘ಸರಿಯಾದ’ ಜಾಗಕ್ಕೆ ಮರಳಿದೆ. ಹಿಂದೆ ಕೂತವರು ಕಿಟಕಿಯಾಚೆ ಕಂಬಗಳು ಓಡುವುದನ್ನು ನೋಡಿ ವೇಗ ಅಂದಾಜು ಮಾಡಬೇಕು.

ಆದ್ದರಿಂದ ತೆರಿಗೆಯ ಕಾರಣಕ್ಕೋ ಕಾಸಿನ ಕಾರಣಕ್ಕೋ ವಕ್ರವಾದ ಕಾರಿನ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಇನ್ನೊಂದು ಬಗೆಯದರ ಮೇಲೆ. ಹಣವಿದ್ದೂ, ಜಾಗವಿದ್ದೂ, ಬರಿಯ ಶೋಕಿಗಾಗಿ ಮಾಡುವ ಅನನುಕೂಲ. 2018ರ ಸ್ವಿಫ್ಟ್ ಕಾರಿನಲ್ಲಿ ಹಿಂಬಾಗಿಲಿನ ಹಿಡಿಯನ್ನು ಕಿಟಕಿಯ ಪಕ್ಕದ ಕಂಬದ ಮೇಲಕ್ಕೆ ಬಚ್ಚಿಟ್ಟರು. ನಾಲ್ಕು ಬಾಗಿಲಿನ ಕಾರು ಎರಡು ಬಾಗಿಲಿನದರಂತೆ ಕಾಣಲಿ ಎಂಬ ಆಸೆ. ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟ ಆರು ವರ್ಷದ ಮಗುವಿಗೆ ಹಿಡಿ ಎಟುಕಬೇಕಲ್ಲ? 2024ರ ಸ್ವಿಫ್ಟ್‌ನಲ್ಲಿ ಹಿಡಿ ಸದ್ದಿಲ್ಲದೆ ಬಾಗಿಲಿಗೆ ಇಳಿದು ಬಂತು. ಆರು ವರ್ಷ ಬೇಕಾಯಿತು ಮಗುವಿನ ಎತ್ತರ ಅಳೆಯಲು. 2019ರ ಟಾಟಾ ಹ್ಯಾರಿಯರ್ ಮೊದಲಾದವುಗಳಲ್ಲಿ ದೀಪಗಳು ಮೇಲಿನಿಂದ ಬಂಪರಿಗೆ ಇಳಿದವು. ಹುಬ್ಬು ಇರುವಲ್ಲಿ ಹುಬ್ಬೇ ಇದೆ, ಕಣ್ಣು ಮಾತ್ರ ಕೆನ್ನೆಯಲ್ಲಿ. ಬೆಂಗಳೂರಿನ ದಟ್ಟಣೆಯಲ್ಲಿ ಮೊದಲು ತರಚುವ ಜಾಗ ಬಂಪರು. ದುಬಾರಿ ದೀಪವನ್ನು ಅಲ್ಲೇ ಇಡಬೇಕೆ?

ಕಾರು ಕೊಂಡವರ ಶೋಕಿಯೂ ಕಡಿಮೆಯೇನಲ್ಲ. ಮುಂದೆ ಉಕ್ಕಿನ ಬುಲ್ ಗಾರ್ಡ್ ಕಟ್ಟಿಸಿಕೊಂಡವರ ಹಾವಳಿ ಎಷ್ಟಿತ್ತೆಂದರೆ, ಪಾದಚಾರಿಗಳಿಗೂ ಒಳಗಿರುವವರಿಗೂ ಅಪಾಯ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಅವನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆಯಬೇಕಾಯಿತು. ಗುಂಡಿಗಳನ್ನೆಲ್ಲ ಕಿತ್ತು ಟಚ್‌ಸ್ಕ್ರೀನ್ ಹಾಕುವ ಹುಚ್ಚಿಗೂ ಈಗ ಅಡ್ಡಿ ಬಂದಿದೆ. ಹಾರ್ನ್, ವೈಪರ್, ಇಂಡಿಕೇಟರುಗಳಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿಯೇ ಇಲ್ಲದ ಕಾರಿಗೆ ಅಂಕ ಕಳೆಯುವುದಾಗಿ ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೊ ಎನ್‌ಕ್ಯಾಪ್ ಹೇಳಿ, 2026ರಿಂದ ನಿಯಮ ಬದಲಿಸಿತು. ನನ್ನ ಮೂರು ಮೂಕ ಗುಂಡಿಗಳು ಈ ಸುದ್ದಿ ಓದಿ ಬೀಗಿರಬೇಕು.

ಇನ್ನು ಹೊಳಪಿನ ವಿಚಾರ. ಕಾರಿನ ಮುಖದಲ್ಲಿ ಬೆಳ್ಳಿಯಂತೆ ಹೊಳೆಯುವುದು ಲೋಹವಲ್ಲ, ಬಹುಮಟ್ಟಿಗೆ ಎಬಿಎಸ್ ಪ್ಲಾಸ್ಟಿಕ್. ಅದನ್ನು ಕ್ರೋಮಿಕ್ ಆಮ್ಲದಲ್ಲಿ ಅದ್ದಿ ಮೈ ಒರಟು ಮಾಡಿ, ಮೇಲೆ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ ಲೇಪಿಸುವುದು ಬಹುಕಾಲದ ಪದ್ಧತಿ. ನಮ್ಮ ಕಣ್ಣು ಕುಕ್ಕುವ ಆ ಕಡೆಯ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಕೂದಲಿನ ದಪ್ಪ ಅದರ ಹತ್ತಾರು ಪಟ್ಟು. ಹೀಗೆ ಲೇಪಿಸಿದ ಸುಳ್ಳು ಗಾಳಿಕಿಂಡಿಯೊಳಗೆ ಗಾಳಿ ಹೋಗುವುದಿಲ್ಲ, ಸುಳ್ಳು ಹೊಗೆಕೊಳವೆಯಿಂದ ಹೊಗೆ ಬರುವುದಿಲ್ಲ. ನಿಜವಾದ ಕೊಳವೆ ಬಂಪರಿನ ಕೆಳಗೆ ನಾಚಿಕೊಂಡು ನೆಲ ನೋಡುತ್ತಿರುತ್ತದೆ. ಲೇಪನದ ತೊಟ್ಟಿಯ ನೀರನ್ನು ಶುದ್ಧಗೊಳಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಪಶ್ಚಿಮ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೀಣ್ಯ ಕಡೆಯಿಂದ ನಮ್ಮ ಬಡಾವಣೆಗಳ ಕೊಳೆ ಹೊತ್ತು ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುವ ವೃಷಭಾವತಿಯನ್ನು ನಾವು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಕಾರು ತಯಾರಾಗುವ ಊರಿಗೂ ಅದರ ಒಡವೆಗಳಂಥವು ತಯಾರಾಗುವ ಊರಿಗೂ ನಡುವಣ ಅತಿ ಹಳೆಯ ದಾರಿ ಆ ಹೊಳೆಯೇ.

ಇದನ್ನು ಅಚ್ಚಿನವರ ಮುಂದೆ ಆವೇಶದಿಂದ ಹೇಳಿದೆ. ಅವರು ಚಹಾ ತರಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಶೆಡ್ಡಿನ ಕಡೆ ಕೈ ತೋರಿಸಿದರು. ಅಲ್ಲಿ ಎಂಜಿನ್ನಿಗೆ ಬೇಕಾದ ಸಣ್ಣ ಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಕಡೆಯುತ್ತಾರೆ, ಕೈಯಲ್ಲಿ ಅಂಥ ಕಸುಬಿದೆ. ವಿದ್ಯುತ್ ಕಾರುಗಳು ಹೆಚ್ಚಿದಂತೆ ಆ ಭಾಗಗಳೇ ಬೇಡವಾಗುತ್ತವೆ. ಪಿಸ್ಟನ್ ಇಲ್ಲ, ಹೊಗೆಕೊಳವೆ ಇಲ್ಲ, ಗೇರುಗಳ ಸಂಖ್ಯೆಯೂ ಕಡಿಮೆ. ‘ಅವರಿಗೆ ರಾತ್ರಿ ನಿದ್ದೆ ಬರಲ್ಲ ಸಾರ್. ನನಗೆ ಬರುತ್ತೆ. ಕರೆಂಟಿನ ಕಾರಿಗೂ ಮುಖ ಬೇಕು, ಗ್ರಿಲ್ ಬೇಕು. ಗಾಳಿ ಬೇಡ, ಆದರೂ ಗ್ರಿಲ್ ಬೇಕು. ನೀವು ಬೇಡ ಅನ್ನೋದನ್ನೇ ನಾನು ಮಾಡ್ತಿರೋದು.’

ಉತ್ತರ ಹೊಳೆಯಲಿಲ್ಲ. ನಿಖರವಾದ, ಉಪಯುಕ್ತವಾದ ಕೆಲಸ ಬಲ್ಲವನು ಶೆಡ್ಡು ಮುಚ್ಚುವ ಲೆಕ್ಕದಲ್ಲಿದ್ದಾನೆ; ಗಾಳಿ ಆಡದ ಕಿಂಡಿಯಿಂದ ನಾಲ್ಕು ಮನೆಗಳ ಅಡುಗೆ ನಡೆಯುತ್ತಿದೆ. ಎದ್ದು ಹೊರಡುವಾಗ ಅವರು ಡಬ್ಬಿಯೊಂದನ್ನು ಕೆದಕಿ ಕಪ್ಪು ಮುಚ್ಚಳವೊಂದನ್ನು ನನ್ನ ಕೈಗಿಟ್ಟರು. ನನ್ನ ಕಾರಿನದರಲ್ಲಿ ಒಂದರ ಮೂಲೆ ಮುರಿದಿರುವುದನ್ನು ಯಾವಾಗಲೋ ಗಮನಿಸಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಹಳೆಯದನ್ನು ಕಿತ್ತು ಒತ್ತಿದೆ. ಟಕ್ ಎಂದು ಕೂತಿತು. ಮುಂದೆ ಇನ್ನೊಂದು ಮೊಂಡು ಡಿಕ್ಕಿ. ಅದರ ಹಿಂದೆ ನಾನು, ಸುಮನಹಳ್ಳಿಗೆ ಇನ್ನೂ ಇಪ್ಪತ್ತು ನಿಮಿಷ.