ವಿಜ್ಞಾನ ಮೇಳಕ್ಕೆ ಹೆಸರುಕಾಳು ಸಾಕು!

ಮಗುವಿನ ಸ್ಕೂಲಲ್ಲಿ ವಿಜ್ಞಾನ ಮೇಳ ಇದೆಯಾ? ರೆಡಿಮೇಡ್ ಮಾಡೆಲ್ ತರೋಕೆ ಅಂಗಡಿಗೆ ಓಡಬೇಡಿ. ಅಡುಗೆಮನೆಗೆ ಬನ್ನಿ.

ಪ್ರಶ್ನೆ ಇದು: ಉಪ್ಪುನೀರಲ್ಲಿ ಹೆಸರುಕಾಳು ಮೊಳಕೆ ಒಡೆಯುತ್ತಾ?

ಮೊದಲು ಮಗು ತನ್ನ ಊಹೆ ಬರೆದಿಡಲಿ. ಆಮೇಲೆ ಮೂರು ತಟ್ಟೆ, ಪ್ರತಿಯೊಂದರಲ್ಲೂ ಒದ್ದೆ ಬಟ್ಟೆ, ಅದರ ಮೇಲೆ 20 ಕಾಳು. ಮೊದಲನೇ ತಟ್ಟೆಗೆ ಬರೀ ನೀರು. ಎರಡನೇದಕ್ಕೆ, ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು. ಮೂರನೇದಕ್ಕೆ ಎರಡು ಚಮಚ.

ಬದಲಾಗಬೇಕಾದ್ದು ಉಪ್ಪು ಮಾತ್ರ. ಕಾಳು, ಬಟ್ಟೆ, ನೀರಿನ ಅಳತೆ, ಇಡುವ ಜಾಗ ಎಲ್ಲ ಒಂದೇ ಇರಲಿ. ಇಲ್ಲದಿದ್ದರೆ ಮೊಳಕೆ ಕಡಿಮೆಯಾಗಿದ್ದು ಉಪ್ಪಿನಿಂದಲೋ ಬಿಸಿಲಿನಿಂದಲೋ ಗೊತ್ತಾಗಲ್ಲ.

ಮೂರು ದಿನ, ಒಂದೇ ಹೊತ್ತಿಗೆ, ಮೊಳಕೆ ಎಣಿಸಿ ಬರೆಯಲಿ.

ಉಪ್ಪು ಹೆಚ್ಚಿದಂತೆ ಮೊಳಕೆ ಕಡಿಮೆ. ಯಾಕೆ? ನೀರಲ್ಲಿ ಉಪ್ಪು ಜಾಸ್ತಿಯಾದರೆ ಕಾಳಿಗೆ ಆ ನೀರನ್ನು ಒಳಗೆ ಎಳೆದುಕೊಳ್ಳೋದು ಕಷ್ಟ.

ಸಮುದ್ರದ ನೀರು ನುಗ್ಗುವ ಗದ್ದೆಗಳಲ್ಲೂ ಇದೇ ತೊಂದರೆ. ಆದರೆ ಕುಮಟಾ ಹತ್ತಿರ, ಅಘನಾಶಿನಿ ನದಿ ದಡದ ಗಜನಿ ಎಂಬ ಇಂಥದೇ ಗದ್ದೆಗಳಲ್ಲಿ, ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತವನ್ನು ರೈತರು ತಲೆಮಾರುಗಳಿಂದ ಬೆಳೆದಿದ್ದಾರೆ. ಈ ವಿಷಯವೂ ಚಾರ್ಟಲ್ಲಿರಲಿ.

ಅಪ್ಪ ಅಮ್ಮಂದಿರೇ, ಚಾರ್ಟ್ ಮಗುವೇ ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ. ಊಹೆ ತಪ್ಪಾಗಿದ್ದರೆ ತಪ್ಪಾಯ್ತು ಅಂತಲೇ ಬರೆಯಲಿ, ಅದೂ ವಿಜ್ಞಾನವೇ. ತೀರ್ಪುಗಾರರು "ಯಾಕೆ ಹೀಗಾಯ್ತು?" ಅಂತ ಕೇಳಿದಾಗ, ಸ್ವಂತ ಕೈಯಿಂದ ಮಾಡಿ ನೋಡಿದ ಮಗು ಧೈರ್ಯವಾಗಿ ಉತ್ತರ ಹೇಳುತ್ತೆ.